ಪುಟ್ಟ ಸಗಣಿ ಜೀರುಂಡೆಗಳ ಕುಲ ಗುರುತಿಸುವುದು: ಮೊದಲು ಹಿಂಗಾಲು, ಆಮೇಲೆ ಬೆನ್ನು

ಪ್ರಶ್ನೆ: ಸಗಣಿಯಿಂದ ಹಿಡಿದ 3ರಿಂದ 8 ಮಿ.ಮೀ. ಉದ್ದದ ಹಲವಾರು ಜೀರುಂಡೆಗಳು ನನ್ನ ಬಳಿ ಇವೆ. ಹೆಚ್ಚಿನವು ಕಪ್ಪು, ಕೆಲವು ಕಂದು. ಫೋಟೊ ನೋಡಿ ಗುರುತಿಸುವ ಆ್ಯಪ್ ಬಹುತೇಕ ಎಲ್ಲವನ್ನೂ ಒಂಥೊಫೇಗಸ್ ಎನ್ನುತ್ತದೆ. ನನಗೆ ಹಾಗನ್ನಿಸುತ್ತಿಲ್ಲ. ಕೆಲವು ನೀಳವಾಗಿವೆ, ಕೆಲವು ದುಂಡಗಿವೆ. ಕೆಲವಕ್ಕೆ ಎರಡು ರೆಕ್ಕೆ ಕೂಡುವಲ್ಲಿ ಪುಟ್ಟ ತ್ರಿಕೋನ ಕಾಣುತ್ತದೆ, ಕೆಲವಕ್ಕೆ ಇಲ್ಲ. ಪ್ರಭೇದ ಗೊತ್ತಾಗದಿದ್ದರೂ ಸರಿ, ಕುಲದ ಮಟ್ಟಕ್ಕೆ ಗುರುತಿಸಲು ಯಾವ ಅಂಗಗಳನ್ನು ಯಾವ ಕ್ರಮದಲ್ಲಿ ನೋಡಬೇಕು? ಇದಕ್ಕೆ ಫೋಟೊ ಸಾಕೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ, ಆ ತ್ರಿಕೋನವನ್ನು ಗಮನಿಸಿದ್ದು ಇನ್ನೂ ಒಳ್ಳೆಯದಾಯಿತು. ಒಂಥೊಫೇಗಸ್ ಕುಲದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಇಡೀ ಪ್ರಾಣಿಲೋಕದ ಅತಿ ದೊಡ್ಡ ಕುಲಗಳಲ್ಲಿ ಅದೂ ಒಂದು. ಹಾಗಾಗಿ ಸಣ್ಣ ಕಪ್ಪು ಸಗಣಿ ಹುಳುವಿನ ಬೆನ್ನಿನ ಫೋಟೊ ತೋರಿಸಿದರೆ 'ಒಂಥೊಫೇಗಸ್' ಎಂದುಬಿಡುವುದು ಸುಲಭ, ಹಲವು ಸಲ ಸರಿಯೂ ಆಗುತ್ತದೆ. ಆದರೆ ಕುಲವನ್ನು ಬೇರ್ಪಡಿಸುವ ಲಕ್ಷಣಗಳು ಬೆನ್ನಿನ ಮೇಲೆ ಕಡಿಮೆ. ಅವು ಹೆಚ್ಚಾಗಿ ಇರುವುದು ಹಿಂಗಾಲಿನ ತುದಿ, ಮುಂಗಾಲಿನ ತುದಿ, ಕುಡಿಮೀಸೆ ಮತ್ತು ಹೊಟ್ಟೆಯ ಕೆಳಭಾಗದಲ್ಲಿ. ಮೇಲಿನಿಂದ ತೆಗೆದ ಫೋಟೊದಲ್ಲಿ ಇವು ಒಂದೂ ಸರಿಯಾಗಿ ಬೀಳುವುದಿಲ್ಲ.

ನೋಡುವ ಮೊದಲು ಹುಳು ತೊಳೆಯಿರಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಸಗಣಿ ಒಣಗಿ ಕೂತರೆ ರೆಕ್ಕೆಯ ಗೀರುಸಾಲುಗಳು ಮುಚ್ಚಿಹೋಗುತ್ತವೆ, ಕಾಲಿನ ಮುಳ್ಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎರಡಿರುವುದು ಒಂದಾಗಿ ಕಾಣುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿ ಹಾಕಿ, ಹುಳುವನ್ನು 15–20 ನಿಮಿಷ ನೆನೆಸಿ. ಸೊನ್ನೆ ನಂಬರಿನ ಮೆತ್ತನೆಯ ಚಿತ್ರಕಲೆಯ ಕುಂಚದಿಂದ ತಲೆಯಿಂದ ಬಾಲದ ಕಡೆಗೆ ಒಂದೇ ದಿಕ್ಕಿನಲ್ಲಿ ತೀಡಿ. ಹಿಂದುಮುಂದು ಉಜ್ಜಿದರೆ ರೋಮಗಳು ಉದುರುತ್ತವೆ, ಕೆಲವು ಕುಲಗಳಿಗೆ ಆ ರೋಮಗಳೇ ಗುರುತು. ಹೊಟ್ಟೆಯ ಕೆಳಗೆ, ಕಾಲಿನ ಬುಡದಲ್ಲಿ ಅಂಟಿಕೊಂಡಿರುವ ತಿಳಿಕಂದು ಗುಳ್ಳೆಗಳು ಕಂಡರೆ ಅವು ಹುಳುವಿನ ಅಂಗಗಳಲ್ಲ. ಹುಳುವಿನ ಮೇಲೆ ಸವಾರಿ ಮಾಡಿ ಬರುವ ಮೈಟ್ ಎಂಬ ಪುಟ್ಟ ಜೀವಿಗಳು. ಸೂಜಿಯ ತುದಿಯಿಂದ ಎಬ್ಬಿಸಿ ತೆಗೆಯಿರಿ. ಒಣಗಿ ಗಟ್ಟಿಯಾದ ಹುಳುವಾದರೆ ಕಾಲು ಬಿಡಿಸಲು ಹೋಗಬೇಡಿ, ಮುರಿಯುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ ಒಂದು ದಿನ ಇಟ್ಟರೆ, ಇಲ್ಲವೇ ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಟ್ಟರೆ ಕೀಲುಗಳು ಸಡಿಲವಾಗುತ್ತವೆ.

ಉಪಕರಣದ ವಿಷಯ. 5 ಮಿ.ಮೀ.ಗಿಂತ ದೊಡ್ಡ ಹುಳುಗಳಿಗೆ 10 ಪಟ್ಟಿನ ಕೈ ಮಸೂರದಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಅದಕ್ಕಿಂತ ಚಿಕ್ಕವಕ್ಕೆ, ಕುಡಿಮೀಸೆಯ ಗೆಣ್ಣು ಎಣಿಸುವುದಕ್ಕೆ, 20ರಿಂದ 40 ಪಟ್ಟಿನ ಸ್ಟೀರಿಯೊ ಮೈಕ್ರೊಸ್ಕೋಪ್ ಬೇಕು. ಮಸೂರದಷ್ಟೇ ಮುಖ್ಯವಾದುದು ಬೆಳಕು. ಈ ಹುಳುಗಳ ಮೈ ಮಿರುಗುವುದರಿಂದ ನೇರ ಎಲ್‌ಇಡಿ ಬೆಳಕಿನಲ್ಲಿ ಹೊಳಪು ಬಿಟ್ಟರೆ ಮತ್ತೇನೂ ಕಾಣುವುದಿಲ್ಲ. ಹುಳುವಿನ ಸುತ್ತ ಟ್ರೇಸಿಂಗ್ ಪೇಪರಿನ ಒಂದು ಗೋಡೆ ನಿಲ್ಲಿಸಿ ಬೆಳಕನ್ನು ಅದರ ಹೊರಗಿನಿಂದ ಬಿಡಿ. ಗೀರುಸಾಲು, ಚುಕ್ಕೆಗುಳಿಗಳು ತಾನಾಗಿ ಎದ್ದು ಕಾಣುತ್ತವೆ.

ಈಗ ಮೊದಲ ಪರೀಕ್ಷೆ: ಇದು ಸಗಣಿ ಜೀರುಂಡೆಯೇ ಹೌದೇ? ಸಗಣಿಯಲ್ಲಿ ಸಿಕ್ಕಿದ್ದೆಲ್ಲ ಸ್ಕ್ಯಾರಬ್ (ಸಗಣಿ ಜೀರುಂಡೆಗಳು ಸೇರುವ ದೊಡ್ಡ ಗುಂಪು) ಆಗಿರುವುದಿಲ್ಲ. ಕುಡಿಮೀಸೆ ನೋಡಿ. ಸ್ಕ್ಯಾರಬ್‌ಗಳ ಕುಡಿಮೀಸೆಯ ಕೊನೆಯ ಮೂರು ಗೆಣ್ಣುಗಳು ಚಪ್ಪಟೆಯಾಗಿದ್ದು ಪುಸ್ತಕದ ಹಾಳೆಗಳಂತೆ ತೆರೆದು ಮುಚ್ಚುತ್ತವೆ. ಹೀಗಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ದುಂಡಗೆ ಉಬ್ಬಿ, ರೆಕ್ಕೆಯ ಮೇಲೆ ಕೆಂಪು ಅಥವಾ ಹಳದಿ ಮಚ್ಚೆಯಿರುವ 4–7 ಮಿ.ಮೀ. ಹುಳು ಬಹುಪಾಲು ಸ್ಫೇರಿಡಿಯಮ್. ಇದು ನೀರುಜೀರುಂಡೆಗಳ ಹೈಡ್ರೊಫಿಲಿಡೇ ಕುಟುಂಬದ್ದು, ಆದರೆ ವಾಸ ಸಗಣಿಯಲ್ಲಿ. ಬಾಯಿಯ ಬಳಿಯ ಸ್ಪರ್ಶಾಂಗಗಳು ಉದ್ದವಾಗಿ ಚಾಚಿಕೊಂಡಿರುತ್ತವೆ. ಅವನ್ನೇ ಕುಡಿಮೀಸೆ ಎಂದುಕೊಂಡು ಎಡವುವವರು ಬಹಳ. ನಿಜವಾದ ಕುಡಿಮೀಸೆ ಗಿಡ್ಡವಾಗಿದ್ದು ಅದರ ತುದಿಯ ಗದೆ ಮೃದು ರೋಮ ಹೊತ್ತಿರುತ್ತದೆ, ಹಾಳೆಗಳಾಗಿ ಬಿಡಿಸಿಕೊಳ್ಳುವುದಿಲ್ಲ. ಇದೇ ಕುಟುಂಬದ ಸೆರ್ಸಿಯಾನ್ ಇನ್ನೂ ಚಿಕ್ಕದು. ಕಲ್ಲಿನಷ್ಟು ಗಟ್ಟಿ ಮೈ, ಕನ್ನಡಿಯ ಹೊಳಪು, ಮೊಣಕೈಯಾಗಿ ಬಾಗಿದ ಕುಡಿಮೀಸೆ, ಹೊಟ್ಟೆಯ ಕೊನೆಯ ಎರಡು ಫಲಕಗಳು ಹೊರಗೆ ಕಾಣುವಷ್ಟು ಗಿಡ್ಡ ರೆಕ್ಕೆ ಇದ್ದರೆ ಅದು ಹಿಸ್ಟೆರಿಡೇ ಕುಟುಂಬದ್ದು. ಸಗಣಿ ತಿನ್ನಲು ಬಂದದ್ದಲ್ಲ, ಅಲ್ಲಿನ ನೊಣದ ಮರಿಗಳನ್ನು ಬೇಟೆಯಾಡಲು ಬಂದದ್ದು.

ಕುಡಿಮೀಸೆ ಸರಿಯಾಗಿದ್ದರೂ ಇನ್ನೊಂದು ಜಾಗದಲ್ಲಿ ಮೋಸ ಹೋಗಬಹುದು. ಸಗಣಿ ಜೀರುಂಡೆಗಳ ತಲೆಯ ಮುಂಭಾಗ, ಅಂದರೆ ಕ್ಲೈಪಿಯಸ್, ಅಗಲವಾಗಿ ಹರಡಿ ಬಾಯಿಯ ಭಾಗಗಳನ್ನೆಲ್ಲ ಮುಚ್ಚಿರುತ್ತದೆ. ಮೇಲಿನಿಂದ ನೋಡಿದಾಗ ದವಡೆ ಕಾಣಿಸಿದರೆ ಅದು ಹೈಬೊಸೋರಸ್ ಇರಬಹುದು. 7–9 ಮಿ.ಮೀ., ಕಪ್ಪುಕಂದು, ಸಗಣಿಗೂ ಕೊಳೆತ ಮಾಂಸಕ್ಕೂ ದೀಪಕ್ಕೂ ಬರುತ್ತದೆ. ದೀಪಕ್ಕೆ ಬಂದ ಕಂದು ದುಂಡು ಹುಳುಗಳಲ್ಲಿ ಎಲೆ ತಿನ್ನುವ ಮಲಾಡೆರಾದಂಥವೂ ಬೆರೆತಿರುತ್ತವೆ. ಅವುಗಳನ್ನು ಸಗಣಿ ಜೀರುಂಡೆಗಳ ಸಾಲಿಗೆ ಸೇರಿಸಬೇಡಿ.

ಇನ್ನು ನಿಜವಾದ ಕವಲು. ನಿಮ್ಮ ಗಾತ್ರದ ಸಗಣಿ ಜೀರುಂಡೆಗಳು ಎರಡು ಉಪಕುಟುಂಬಗಳಿಗೆ ಸೇರಿದವು: ಅಫೋಡೀನೇ ಮತ್ತು ಸ್ಕ್ಯಾರಬೀನೇ. ಇವೆರಡನ್ನು ಬೇರ್ಪಡಿಸಲು ಹಿಂಗಾಲಿನ ಟಿಬಿಯಾದ ತುದಿ ನೋಡಿ. ತೊಡೆಯ ನಂತರ ಬರುವ ಉದ್ದನೆಯ ಭಾಗವೇ ಟಿಬಿಯಾ, ಅದರ ನಂತರದ ಐದು ಗೆಣ್ಣುಗಳ ತೆಳು ಭಾಗ ಟಾರ್ಸಸ್. ಟಿಬಿಯಾದ ತುದಿಯಲ್ಲಿ, ಟಾರ್ಸಸ್ ಹೊರಡುವ ಜಾಗದ ಪಕ್ಕದಲ್ಲಿ, ಉಳಿದ ಮುಳ್ಳುಗಳಿಗಿಂತ ಉದ್ದವಾದ ಕೊನೆಮುಳ್ಳು ಇರುತ್ತದೆ. ಅಫೋಡೀನೇಗೆ ಇಂಥವು ಎರಡು, ಸ್ಕ್ಯಾರಬೀನೇಗೆ ಒಂದೇ. ನನ್ನ ಅಭಿಪ್ರಾಯದಲ್ಲಿ ಇಡೀ ಗುರುತಿಸುವಿಕೆಯಲ್ಲಿ ಇದಕ್ಕಿಂತ ಹೆಚ್ಚು ನಂಬಬಹುದಾದ ಒಂಟಿ ಲಕ್ಷಣ ಇನ್ನೊಂದಿಲ್ಲ. ಅದಕ್ಕೇ ಬೆನ್ನು ನೋಡುವ ಮೊದಲೇ ಇಲ್ಲಿಗೆ ಬರಬೇಕು.

ಆದರೂ ಇಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಹಿಂಗಾಲಿನ ಬದಲು ನಡುಗಾಲನ್ನು ನೋಡುವುದು. ನಡುಗಾಲಿನ ಟಿಬಿಯಾದಲ್ಲಿ ಸ್ಕ್ಯಾರಬೀನೇಯ ಹಲವು ಕುಲಗಳಿಗೂ ಎರಡು ಕೊನೆಮುಳ್ಳುಗಳಿರುತ್ತವೆ. ಒಣಗುವಾಗ ಕಾಲುಗಳು ಮಡಚಿಕೊಂಡು ಹೊಟ್ಟೆಯ ಕೆಳಗೆ ಸೇರುವುದರಿಂದ ಯಾವ ಕಾಲು ಎಂದೇ ಗೊತ್ತಾಗುವುದಿಲ್ಲ. ಆದ್ದರಿಂದ ಕಾಲನ್ನು ಬುಡದ ತನಕ ಹಿಂಬಾಲಿಸಿ ಖಚಿತಪಡಿಸಿಕೊಳ್ಳಿ. ಇನ್ನೊಂದು, ತುದಿಯ ಸುತ್ತ ಸಾಲಾಗಿರುವ ಗಿಡ್ಡ ಮುಳ್ಳುಗಳನ್ನೂ ಲೆಕ್ಕಕ್ಕೆ ಹಿಡಿಯುವುದು. ಕೊನೆಮುಳ್ಳಿಗೆ ಬುಡದಲ್ಲಿ ಕೀಲು ಇರುತ್ತದೆ, ಸಣ್ಣ ಸೂಜಿಯಿಂದ ಒತ್ತಿದರೆ ಅಲುಗಾಡುತ್ತದೆ. ಅಂಚಿನ ಗಿಡ್ಡ ಮುಳ್ಳುಗಳು ಸ್ಥಿರವಾಗಿ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಒಂದು ಕಾಲಿನಲ್ಲಿ ಮುಳ್ಳು ಮುರಿದಿರಬಹುದು, ಹಾಗಾಗಿ ಎರಡೂ ಹಿಂಗಾಲು ನೋಡಿದ ಮೇಲೆಯೇ 'ಒಂದು' ಎಂದು ಬರೆದುಕೊಳ್ಳಿ.

ಈ ತೀರ್ಮಾನವನ್ನು ಒರೆಗೆ ಹಚ್ಚಲು ಬೇರೆ ಕೆಲವು ಗುರುತುಗಳಿವೆ. ಅಫೋಡೀನೇಯ ಮೈ ಸಾಮಾನ್ಯವಾಗಿ ನೀಳ, ಬದಿಗಳು ಹೆಚ್ಚುಕಡಿಮೆ ಸಮಾನಾಂತರ. ಮೇಲ್ರೆಕ್ಕೆ ಹೊಟ್ಟೆಯ ತುದಿಯನ್ನು ಪೂರ್ತಿ ಮುಚ್ಚುತ್ತದೆ. ಸ್ಕ್ಯಾರಬೀನೇಯಲ್ಲಿ ಮೈ ಅಗಲ ಅಥವಾ ದುಂಡು, ಹಿಂದಿನಿಂದ ನೋಡಿದರೆ ಹೊಟ್ಟೆಯ ಕೊನೆಯ ಫಲಕವಾದ ಪೈಜಿಡಿಯಮ್ ಬಯಲಾಗಿ ಕಾಣುತ್ತದೆ. ಹುಳುವನ್ನು ಅಂಗಾತ ಮಲಗಿಸಿದರೆ ನಡುಗಾಲುಗಳ ಬುಡಗಳು ಸ್ಕ್ಯಾರಬೀನೇಯಲ್ಲಿ ಒಂದರಿಂದೊಂದು ದೂರ, ಅಫೋಡೀನೇಯಲ್ಲಿ ಹತ್ತಿರ. ಮುಂಗಾಲಿನ ಹೊರ ಅಂಚಿನ ಹಲ್ಲುಗಳು ಅಫೋಡೀನೇಯಲ್ಲಿ ಮೂರು. ಸ್ಕ್ಯಾರಬೀನೇಯಲ್ಲಿ ಮೂರೂ ಇರಬಹುದು, ನಾಲ್ಕೂ ಇರಬಹುದು.

ಇನ್ನು ನೀವು ಕಂಡ ತ್ರಿಕೋನ. ಅದರ ಹೆಸರು ಸ್ಕ್ಯೂಟೆಲಮ್. ತಲೆಯ ಹಿಂದಿನ ಅಗಲ ಫಲಕ ಪ್ರೊನೋಟಮ್. ಅದರ ಹಿಂಬದಿಯ ಅಂಚಿಗೆ ಎರಡು ಮೇಲ್ರೆಕ್ಕೆಗಳು ಬಂದು ಕೂಡುವ ಬಿಂದುವಿನಲ್ಲಿ ಇದು ಕಾಣುತ್ತದೆ. ಅಫೋಡೀನೇಯಲ್ಲಿ ಯಾವಾಗಲೂ ಸ್ಪಷ್ಟ. ಸ್ಕ್ಯಾರಬೀನೇಯ ಹೆಚ್ಚಿನ ಕುಲಗಳಲ್ಲಿ ಅದು ಒಳಗೆ ಅಡಗಿರುತ್ತದೆ, ಕೆಲವೇ ಗುಂಪುಗಳಲ್ಲಿ ಹೊರಗೆ ಕಾಣುತ್ತದೆ. ಅಂದರೆ ನಿಮ್ಮ ತ್ರಿಕೋನವಿರುವ ಹುಳು ಅಫೋಡೀನೇಯ ಅಫೋಡಿಯಸ್ ಬಳಗದ್ದೂ ಆಗಿರಬಹುದು, ಸ್ಕ್ಯಾರಬೀನೇಯ ಓನಿಟಿಸೆಲಸ್ ಬಳಗದ್ದೂ ಆಗಿರಬಹುದು. ಎರಡನ್ನೂ ಬೇರ್ಪಡಿಸುವುದು ಹಿಂಗಾಲಿನ ಮುಳ್ಳೇ. ಅದು ಒಂಥೊಫೇಗಸ್ ಆಗಿರುವ ಸಾಧ್ಯತೆಯಂತೂ ಇಲ್ಲ. ಒಂದು ಎಚ್ಚರಿಕೆ: ಹುಳು ಒಣಗುವಾಗ ಪ್ರೊನೋಟಮ್ ಮುಂದಕ್ಕೆ ಜೋತುಬಿದ್ದರೆ ನಡುವೆ ಬಿರುಕು ತೆರೆದು, ಅಡಗಿದ್ದ ಸ್ಕ್ಯೂಟೆಲಮ್ ಕಾಣಿಸಿಕೊಳ್ಳುತ್ತದೆ. ಮೇಲ್ರೆಕ್ಕೆಗಳು ಸ್ವಲ್ಪ ಬಿಚ್ಚಿಕೊಂಡಿದ್ದರೂ ಅವುಗಳ ನಡುವಿನ ಸಂದಿ ಕಪ್ಪು ತ್ರಿಕೋನವಾಗಿ ಕಾಣುತ್ತದೆ. ಪ್ರೊನೋಟಮನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ, ರೆಕ್ಕೆಗಳನ್ನು ಕೂಡಿಸಿ, ಆಮೇಲೂ ಕಾಣುತ್ತದೆಯೇ ನೋಡಿ. ನಿಜವಾದ ಸ್ಕ್ಯೂಟೆಲಮ್ ರೆಕ್ಕೆಗಳ ಮಟ್ಟದಲ್ಲೇ ಇದ್ದು, ಅದಕ್ಕೆ ತನ್ನದೇ ಗಡಿಗೆರೆ ಇರುತ್ತದೆ.

ಹಿಂಗಾಲಿಗೆ ಎರಡು ಮುಳ್ಳು ಎಂದಾದರೆ ನಿಮ್ಮ ದಾರಿ ಅಫೋಡೀನೇ ಕಡೆಗೆ. ಇಲ್ಲಿ ನಾನು ಓದುಗರಿಗೆ ಹೇಳುವುದು ಇಷ್ಟು: ಒಂದು ಹಂತದಲ್ಲಿ ನಿಲ್ಲಿ. ಹಿಂದೆ 'ಅಫೋಡಿಯಸ್' ಎಂಬ ಒಂದೇ ದೊಡ್ಡ ಕುಲದಲ್ಲಿದ್ದವನ್ನು ಈಗ ಹಲವಾರು ಕುಲಗಳಾಗಿ ಒಡೆದಿದ್ದಾರೆ. ಅವುಗಳನ್ನು ಬೇರ್ಪಡಿಸುವ ಕೆಲವು ಗುರುತುಗಳು ಬಾಯಿಯೊಳಗಿನ ಭಾಗಗಳನ್ನು ಬಿಚ್ಚಿ ಸ್ಲೈಡ್ ಮಾಡಿದರೆ ಮಾತ್ರ ಕಾಣುವಂಥವು. ಹಿಂಗಾಲಿನ ಟಿಬಿಯಾದ ಹೊರಮೈಯಲ್ಲಿ ಎರಡು ಅಡ್ಡ ಏಣುಗಳು ಇವೆಯೇ ನೋಡಿ. ಇದ್ದರೆ ಅದು ಅಫೋಡಿಯಸ್ ಬಳಗ. ಏಣು ಇಲ್ಲದೆ ನಯವಾಗಿದ್ದು, ಮೈ ಚಿಕ್ಕದಾಗಿ ನೀಳವಾಗಿದ್ದರೆ ಅಟೀನಿಯಸ್ ಇರುವ ಗುಂಪಿನ ಕಡೆ ಯೋಚಿಸಿ. ಪ್ರೊನೋಟಮ್ ಮೇಲೆ ಉದ್ದುದ್ದ ಏಣುಗಳಿದ್ದರೆ ರೈಪೇರಸ್ ಬಳಗ, ಅಡ್ಡಡ್ಡ ಮಡಿಕೆಗಳಿದ್ದರೆ ಸ್ಯಾಮೋಡಿಯಸ್ ಬಳಗ. ಈ ಕೊನೆಯದು ಸಾಮಾನ್ಯವಾಗಿ ಮರಳು ನೆಲದ ಹುಳು. ಅಫೋಡಿಯಸ್ ಬಳಗದೊಳಗೆ ಇನ್ನೂ ಒಂದು ಹೆಜ್ಜೆ ಇಡಬೇಕೆಂದಿದ್ದರೆ ಮೂರನ್ನು ಟಿಪ್ಪಣಿ ಮಾಡಿಕೊಳ್ಳಿ: ಸ್ಕ್ಯೂಟೆಲಮ್ ಎಷ್ಟು ಉದ್ದ (ಟ್ಯೂಕೆಸ್ಟಿಸ್, ಕೊಲೊಬಾಪ್ಟೆರಸ್‌ಗಳಲ್ಲಿ ಎದ್ದು ಕಾಣುವಷ್ಟು ದೊಡ್ಡದು), ಹಿಂಗಾಲಿನ ಟಿಬಿಯಾದ ತುದಿಯ ಗಿಡ್ಡ ಮುಳ್ಳುಗಳು ಎಲ್ಲ ಒಂದೇ ಉದ್ದವೋ ಅಲ್ಲವೋ, ಪ್ರೊನೋಟಮ್‌ನ ಹಿಂಬದಿಗೆ ಅಂಚುಗೆರೆ ಇದೆಯೋ ಇಲ್ಲವೋ. ಬಣ್ಣ ನೋಡಿ ಕುಲ ಬರೆಯಬೇಡಿ. ಕೆಂಪು ರೆಕ್ಕೆಯ ಅಫೋಡಿಯಸ್‌ಗಳು ಒಂದಕ್ಕೊಂದು ಹತ್ತಿರದವೇ ಆಗಬೇಕೆಂದಿಲ್ಲ.

ಹಿಂಗಾಲಿಗೆ ಒಂದೇ ಮುಳ್ಳು ಎಂದಾದರೆ ಮಜಾ ಶುರುವಾಗುವುದೇ ಇಲ್ಲಿ. ಈಗ ಹಿಂಗಾಲಿನ ಆಕಾರ ನೋಡಿ. ಸಗಣಿಯ ಉಂಡೆ ಉರುಳಿಸುವ ಕುಲಗಳಿಗೆ ಹಿಂಗಾಲು ಉದ್ದ, ಟಿಬಿಯಾ ತೆಳು, ಕೊಂಚ ಬಾಗಿದ್ದು, ತುದಿಯತ್ತ ಹೆಚ್ಚು ಅಗಲವಾಗುವುದಿಲ್ಲ. ಉಂಡೆಯನ್ನು ಅಪ್ಪಿ ಹಿಡಿಯಲು ಹಾಗಿರಬೇಕು. ನೆಲ ಕೊರೆಯುವ ಕುಲಗಳಿಗೆ ಟಿಬಿಯಾ ಗಿಡ್ಡ, ತುದಿಯತ್ತ ತ್ರಿಕೋನವಾಗಿ ಹರಡಿರುತ್ತದೆ. ಅಗೆದ ಮಣ್ಣನ್ನು ಹಿಂದಕ್ಕೆ ತಳ್ಳುವುದೂ ಸುರಂಗದಲ್ಲಿ ಮೈಯನ್ನು ಒತ್ತಿ ನಿಲ್ಲಿಸುವುದೂ ಅದರ ಕೆಲಸ.

ಉರುಳಿಸುವವುಗಳಲ್ಲಿ ಸಣ್ಣ ಗಾತ್ರದಲ್ಲಿ ಥಟ್ಟನೆ ಗುರುತು ಸಿಗುವುದು ಸಿಸಿಫಸ್. ಮೈ ಎರಡೂ ಪಕ್ಕದಿಂದ ಒತ್ತಿದ ಹಾಗಿರುತ್ತದೆ, ಮೇಲ್ರೆಕ್ಕೆಗಳು ಹಿಂದಕ್ಕೆ ಹೋದಂತೆ ಚೂಪಾಗುತ್ತವೆ, ಹಿಂಗಾಲು ಮೈಗೆ ಹೋಲಿಸಿದರೆ ವಿಪರೀತ ಉದ್ದ, ಹಿಂಗಾಲಿನ ತೊಡೆ ತುದಿಯತ್ತ ಉಬ್ಬಿರುತ್ತದೆ. 20 ಪಟ್ಟಿನಲ್ಲಿ ನೋಡಿದರೆ ಬೆನ್ನ ಮೇಲೆ ಗಿಡ್ಡ ಬಿರುಸು ರೋಮಗಳು. ಮುಂಗಾಲಿಗೆ ಮೂರು ಹಲ್ಲು, ಕುಡಿಮೀಸೆಗೆ ಎಂಟು ಗೆಣ್ಣು. ಇದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರು ಮತ್ತೆ ತಪ್ಪಲಾರರು. ಜಿಮ್ನೊಪ್ಲೂರಸ್ ಹೆಚ್ಚಾಗಿ 10 ಮಿ.ಮೀ. ದಾಟುವುದರಿಂದ ನಿಮ್ಮ ಪೆಟ್ಟಿಗೆಯಲ್ಲಿ ಇರಲಾರದು. ಇದ್ದರೂ ಮೇಲ್ರೆಕ್ಕೆಯ ಹೊರ ಅಂಚು ಭುಜದ ಹಿಂದೆ ಒಳಕ್ಕೆ ಕಡಿದ ಹಾಗೆ ಬಾಗಿ, ಹೊಟ್ಟೆಯ ಪಕ್ಕ ಹೊರಗೆ ಕಾಣುವುದೇ ಸಾಕು. 2–3 ಮಿ.ಮೀ. ಉದ್ದದ, ಉಬ್ಬಿದ ಬೆನ್ನಿನ, ತೆಳು ಹಿಂಗಾಲಿನ ಕಾಡುಹುಳು ಸಿಕ್ಕರೆ ಏಷ್ಯಾದಲ್ಲಿ ಪೆನೆಲಸ್, ಓಕಿಕ್ಯಾಂಥಾನ್‌ಗಳನ್ನು ಮನಸ್ಸಿನಲ್ಲಿಡಿ. ಇವು ತೆರೆದ ಹುಲ್ಲುಗಾವಲಿನ ಸಗಣಿಗಿಂತ ನೆರಳಿನ ಕಾಡಿನಲ್ಲಿ ಹೆಚ್ಚು.

ಹಿಂಗಾಲಿನ ಟಿಬಿಯಾ ತ್ರಿಕೋನವಾಗಿ ಹರಡಿದ್ದರೆ ಮತ್ತೆ ಸ್ಕ್ಯೂಟೆಲಮ್‌ಗೆ ಬನ್ನಿ. ಪುಟ್ಟದಾದರೂ ಕಾಣುತ್ತಿದ್ದರೆ ಅದು ಓನಿಟಿಸೆಲಸ್ ಬಳಗ. ಈ ಬಳಗದ ಕುಡಿಮೀಸೆಗೆ ಎಂಟೇ ಗೆಣ್ಣು. ಮೈ ಒಂಥೊಫೇಗಸ್‌ಗಿಂತ ನೀಳ, ಬೆನ್ನು ಚಪ್ಪಟೆ. ಅದಕ್ಕೇ ಹೊಸಬರು ಇವನ್ನು ಅಫೋಡಿಯಸ್ ಎಂದುಕೊಳ್ಳುತ್ತಾರೆ. ಬಳಗದೊಳಗೆ ಮೊದಲು ಬೇರ್ಪಡಿಸಬೇಕಾದ್ದು ಡ್ರೆಪಾನೊಸೆರಸ್ ಗುಂಪು: ಚಿಕ್ಕ ಮೈ, ಮೇಲ್ರೆಕ್ಕೆಯ ಮೇಲೆ ಉದ್ದಕ್ಕೆ ಎದ್ದ ಏಣುಗಳು, ಪ್ರೊನೋಟಮ್ ಮೇಲೆ ತಗ್ಗುಗಳು, ಮೈತುಂಬ ಗಿಡ್ಡ ದಪ್ಪ ರೋಮ, ಹೊಳಪಿಲ್ಲದ ಮಣ್ಣುಬಣ್ಣ. ಹಿಂದೆ ಡ್ರೆಪಾನೊಸೆರಸ್ ಎಂದಿದ್ದವು ಈಗ ಟಿಬಿಯೊಡ್ರೆಪಾನಸ್ ಮೊದಲಾದ ಕುಲಗಳಿಗೆ ಹಂಚಿಹೋಗಿವೆ, ಹಳೆಯ ಪಟ್ಟಿಗಳನ್ನು ನೋಡುವಾಗ ಇದು ನೆನಪಿರಲಿ. ಏಣುಗಳಿಲ್ಲದೆ ನಯವಾಗಿದ್ದು, ತಿಳಿಹಳದಿ ಕಂದು ಬಣ್ಣದ್ದಾದರೆ ಯೂಓನಿಟಿಸೆಲಸ್ ಕಡೆ ನೋಡಿ. ಕಪ್ಪು ಮೈಗೆ ಮೇಲ್ರೆಕ್ಕೆಯ ಸುತ್ತ ಹಳದಿ ಅಂಚು ಹೊಲಿದಂತಿದ್ದರೆ ಅದು ಓನಿಟಿಸೆಲಸ್ ಸಿಂಕ್ಟಸ್, ಬಣ್ಣದ ಮೇಲೆ ನಂಬಿಕೆ ಇಡಬಹುದಾದ ಅಪರೂಪದ ಹುಳು. ಇದು ಕೊರೆಯುವ ಹುಳುಗಳ ರೀತಿ ಆಳಕ್ಕಿಳಿಯದೆ ಸಗಣಿಯೊಳಗೋ ಅದರ ತಳದಲ್ಲೋ ಗೂಡು ಮಾಡುತ್ತದೆ. ಲಿಯಾಟಾಂಗಸ್ ನಿಮ್ಮ ಗಾತ್ರದ ಮೇಲ್ಮಿತಿಯಲ್ಲಿ ಬರುತ್ತದೆ. ಗಂಡಿನ ತಲೆ, ಪ್ರೊನೋಟಮ್‌ಗಳ ಮೇಲಿನ ಕೊಂಬು, ತಗ್ಗುಗಳಿಂದ ಸುಳಿವು ಸಿಗುತ್ತದೆ, ಹೆಣ್ಣಿನಲ್ಲಿ ಅಷ್ಟು ಸುಲಭವಲ್ಲ.

ಸ್ಕ್ಯೂಟೆಲಮ್ ಕಾಣದಿದ್ದರೆ, ನಿಮ್ಮ ಗಾತ್ರದ ಮಟ್ಟಿಗೆ, ಉಳಿಯುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಒಂಥೊಫೇಗಸ್ಸೋ, ಕ್ಯಾಕೋಬಿಯಸ್ಸೋ? ನಿಮ್ಮ ಆ್ಯಪ್ ಸೋಲುವುದು ಮುಖ್ಯವಾಗಿ ಇಲ್ಲೇ. ಎರಡಕ್ಕೂ ಮೇಲ್ರೆಕ್ಕೆಯ ಮೇಲೆ ಏಳು ಗೀರುಸಾಲು, ಎರಡಕ್ಕೂ ಮುಂಗಾಲಿಗೆ ನಾಲ್ಕು ಹಲ್ಲು, ಬಣ್ಣವೂ ಒಂದೇ. ಒಂದು ಹುಳುವನ್ನು ಎದುರಿಗಿಟ್ಟುಕೊಂಡಂತೆ ಹೇಳುತ್ತೇನೆ. 4 ಮಿ.ಮೀ., ಕಪ್ಪು, ರೆಕ್ಕೆಯ ತುದಿ ಕೊಂಚ ಕೆಂಪು. ಅಂಗಾತ ಮಲಗಿಸಿ ಮುಂಗಾಲನ್ನು ಮುಂದಕ್ಕೆ ಎಳೆಯಿರಿ. ಟಿಬಿಯಾದ ಒಳ ಅಂಚು ನೇರವಾಗಿರುತ್ತದೆ. ಆ ನೇರ ಗೆರೆಗೆ ಟಿಬಿಯಾದ ತುದಿ ಯಾವ ಕೋನದಲ್ಲಿ ಕೂಡುತ್ತದೆ ನೋಡಿ. ತುದಿ ಅಡ್ಡಕ್ಕೆ ಕತ್ತರಿಸಿದಂತಿದ್ದು, ಕೊನೆಯ ಹಲ್ಲು ಕಾಲಿನ ಉದ್ದಕ್ಕೆ ಲಂಬವಾಗಿ ಪಕ್ಕಕ್ಕೆ ಚಾಚಿದ್ದರೆ ಕ್ಯಾಕೋಬಿಯಸ್. ತುದಿ ಓರೆಯಾಗಿದ್ದು, ಕೊನೆಯ ಹಲ್ಲು ಮುಂದಕ್ಕೆ ಮತ್ತು ಹೊರಕ್ಕೆ ಓರೆಯಾಗಿ ಹೋಗುತ್ತಿದ್ದರೆ ಒಂಥೊಫೇಗಸ್. ಬಳಿಕ ಪ್ರೊನೋಟಮ್‌ನ ಮುಂದಿನ ಮೂಲೆಯನ್ನು ಕೆಳಗಿನಿಂದ ನೋಡಿ. ಅಲ್ಲಿ ಸ್ಪಷ್ಟವಾದ ಗುಳಿ ತೋಡಿದ್ದರೆ ಕ್ಯಾಕೋಬಿಯಸ್ ಎಂಬುದಕ್ಕೆ ಎರಡನೇ ಸಾಕ್ಷಿ ಸಿಕ್ಕಿತು. ಕುಡಿಮೀಸೆಯ ಗದೆ ಮಡಚಿಕೊಳ್ಳಲು ಅದು ಜಾಗ. ಕ್ಯಾಕೋಬಿಯಸ್‌ಗಳು ಸಾಮಾನ್ಯವಾಗಿ 6 ಮಿ.ಮೀ. ಮೀರುವುದಿಲ್ಲ, ಗಂಡಿಗೂ ಉದ್ದ ಕೊಂಬು ಇರುವುದು ಅಪರೂಪ. ಆದರೆ ಇವೆರಡೂ ಪೂರಕ ಸುಳಿವುಗಳು ಮಾತ್ರ, ತೀರ್ಪು ಕೊಡುವುದು ಟಿಬಿಯಾದ ತುದಿ.

ಇಲ್ಲೊಂದು ತೊಡಕಿದೆ. ಈ ಹುಳುಗಳು ಜೀವನವಿಡೀ ಮಣ್ಣು ಅಗೆಯುವುದರಿಂದ ಮುಂಗಾಲಿನ ಹಲ್ಲುಗಳು ಸವೆಯುತ್ತವೆ. ವಯಸ್ಸಾದ ಹುಳುವಿನಲ್ಲಿ ನಾಲ್ಕು ಹಲ್ಲಿನ ಜಾಗದಲ್ಲಿ ಮೂರು ಉಬ್ಬುಗಳಷ್ಟೇ ಉಳಿದಿರಬಹುದು, ಓರೆ ತುದಿ ಸವೆದು ಅಡ್ಡಕ್ಕೆ ಕತ್ತರಿಸಿದಂತೆ ಕಾಣಬಹುದು. ಸವೆದದ್ದೋ ಹುಟ್ಟಿನಿಂದ ಹಾಗೋ ತಿಳಿಯಲು ಅಂಚು ನೋಡಿ: ಸವೆದ ಅಂಚು ದುಂಡಗೆ, ಮಿರುಗುವಂತೆ, ಎಡಬಲ ಕಾಲುಗಳಲ್ಲಿ ಬೇರೆಬೇರೆಯಾಗಿರುತ್ತದೆ. ಒಂದೇ ಬಗೆಯ ನಾಲ್ಕೈದು ಹುಳುಗಳಿದ್ದರೆ ಅವುಗಳಲ್ಲಿ ಹಲ್ಲು ಚೂಪಾಗಿರುವುದನ್ನು ಆರಿಸಿ ಅದನ್ನೇ ಪರೀಕ್ಷಿಸಿ.

ಒಂಥೊಫೇಗಸ್ ಎಂದು ಬರೆಯುವ ಮೊದಲು ಇನ್ನೆರಡು ಕಡೆ ಕಣ್ಣಾಡಿಸಿ. ಪ್ರೊನೋಟಮ್‌ನ ಹಿಂಬದಿಯ ಅಂಚಿನ ನಡುವೆ ಜೋಡಿ ಗುಳಿಗಳಿದ್ದು, ಮುಂಗಾಲಿಗೆ ಟಾರ್ಸಸ್ಸೇ ಇಲ್ಲದಿದ್ದರೆ ಅದು ಓನಿಟಿಸ್. ಸಾಮಾನ್ಯವಾಗಿ ದೊಡ್ಡದು, ಟಾರ್ಸಸ್ ಮುರಿದುಹೋದದ್ದಲ್ಲ, ಇರುವುದೇ ಇಲ್ಲ. ಕೋಪ್ರಿಸ್ ಕೂಡ ದೊಡ್ಡದೇ. ಆದರೆ ಅದರ ಚಿಕ್ಕ ಪ್ರಭೇದಗಳು ಗೊಂದಲ ಮಾಡುತ್ತವೆ. ಅದರಲ್ಲಿ ಮೇಲ್ರೆಕ್ಕೆಯ ಗೀರುಸಾಲುಗಳು ಏಳಕ್ಕಿಂತ ಹೆಚ್ಚು. ಎಣಿಸುವಾಗ ಎರಡು ರೆಕ್ಕೆ ಕೂಡುವ ಗೆರೆಯನ್ನು ಬಿಟ್ಟು ಅದರ ಪಕ್ಕದ್ದರಿಂದ ಶುರು ಮಾಡಿ ಹೊರಕ್ಕೆ ಬನ್ನಿ, ಓರೆ ಬೆಳಕಿನಲ್ಲಿ.

ಕೊಂಬಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು, ಏಕೆಂದರೆ ಎಲ್ಲರೂ ಮೊದಲು ನೋಡುವುದು ಅದನ್ನೇ. ಒಂಥೊಫೇಗಸ್‌ನ ಹಲವು ಪ್ರಭೇದಗಳಲ್ಲಿ ಒಂದೇ ತಾಯಿಯ ಗಂಡುಗಳು ಎರಡು ಬಗೆಯಾಗಿ ಬೆಳೆಯಬಲ್ಲವು. ಮರಿಯಾಗಿದ್ದಾಗ ಚೆನ್ನಾಗಿ ಉಂಡು ದೊಡ್ಡದಾದ ಗಂಡಿಗೆ ಉದ್ದ ಕೊಂಬು, ಸಗಣಿ ಸಾಲದೆ ಚಿಕ್ಕದಾಗಿ ಉಳಿದ ಗಂಡಿಗೆ ಮೊಟುಕು ಅಥವಾ ಏನೂ ಇಲ್ಲ. ಒಂಥೊಫೇಗಸ್ ಟಾರಸ್ ಇದಕ್ಕೆ ಹೆಸರಾದ ಉದಾಹರಣೆ. ಆದ್ದರಿಂದ ಕೊಂಬಿಲ್ಲದ ಹುಳುವನ್ನು ಹೆಣ್ಣೆಂದೂ, ಕೊಂಬಿರುವುದನ್ನು ಬೇರೆ ಕುಲವೆಂದೂ ಎಣಿಸಬಾರದು. ಗಂಡು ಹೆಣ್ಣು ತಿಳಿಯಬೇಕಿದ್ದರೆ ಹೊಟ್ಟೆಯ ಕೆಳಭಾಗದ ಕೊನೆಯ ಪಟ್ಟಿ ನೋಡಿ. ಅದು ನಡುವೆ ಕಿರಿದಾಗಿದ್ದರೆ ಗಂಡು, ಅಗಲವಾಗಿಯೇ ಇದ್ದರೆ ಹೆಣ್ಣು. ಬಣ್ಣವೂ ಹಾಗೆಯೇ ಮೋಸಗಾರ. ಗೂಡಿನಿಂದ ಆಗಷ್ಟೇ ಹೊರಬಂದ ಹುಳುವಿನ ಮೈ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಕಪ್ಪಾಗಬೇಕಾದದ್ದು ಜೇನುಬಣ್ಣದಲ್ಲಿರುತ್ತದೆ. ಒತ್ತಿದರೆ ರೆಕ್ಕೆ ಮೆತ್ತಗೆ ತಗ್ಗುವುದೇ ಇದರ ಗುರುತು. ನಿಮ್ಮ 'ಕೆಲವು ಕಂದು' ಹುಳುಗಳಲ್ಲಿ ಇಂಥವೂ ಇರಬಹುದು.

ಕುಡಿಮೀಸೆಯ ಗೆಣ್ಣು ಎಣಿಸುವುದು ಕಷ್ಟದ ಕೆಲಸ, ಆದರೆ ಅನುಮಾನ ಬಂದಾಗ ಅದೇ ಕೈಹಿಡಿಯುತ್ತದೆ: ಒಂಥೊಫೇಗಸ್‌ಗೆ ಒಂಬತ್ತು, ಅಫೋಡಿಯಸ್‌ಗೂ ಒಂಬತ್ತು, ಓನಿಟಿಸೆಲಸ್ ಬಳಗಕ್ಕೂ ಸಿಸಿಫಸ್‌ಗೂ ಎಂಟು. ಬುಡದ ಉದ್ದ ಗೆಣ್ಣನ್ನು ಒಂದು ಎಂದು ಹಿಡಿಯಿರಿ. ಗದೆಯ ಮೂರು ಹಾಳೆಗಳು ಕೊನೆಯ ಮೂರು. ನಡುವಿನ ಗಿಡ್ಡ ಗೆಣ್ಣುಗಳಲ್ಲಿ, ಅದರಲ್ಲೂ ಗದೆಗೆ ಅಂಟಿಕೊಂಡದ್ದರಲ್ಲಿ, ಲೆಕ್ಕ ತಪ್ಪುತ್ತದೆ. ಕುಡಿಮೀಸೆಯನ್ನು ಬುಡದಿಂದ ಬಿಡಿಸಿ, ಗ್ಲಿಸರಿನ್‌ನ ಒಂದು ಹನಿಯಲ್ಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು 40 ಪಟ್ಟಿನಲ್ಲಿ ನೋಡಿದರೆ ಕೀಲುಗಳು ಬೇರೆಬೇರೆಯಾಗಿ ಕಾಣುತ್ತವೆ.

ಒಂದು ಮಿತಿಯನ್ನೂ ಹೇಳಿಬಿಡಬೇಕು. ಇಲ್ಲಿಯವರೆಗೆ ಬರೆದದ್ದು ಏಷ್ಯಾ, ಆಫ್ರಿಕಾ, ಯುರೋಪಿನ ಹುಳುಗಳಿಗೆ ಹೊಂದುತ್ತದೆ. ಅಮೆರಿಕ ಖಂಡಗಳಲ್ಲಿ ಕ್ಯಾಂಥಾನ್, ಕ್ಯಾಂಥಿಡಿಯಮ್, ಅಟ್ಯೂಕಸ್, ಯುರಾಕ್ಸಿಸ್ ಮುಂತಾದ ಬೇರೆಯೇ ಸಣ್ಣ ಕುಲಗಳಿವೆ. ಯೂರಿಸ್ಟರ್ನಸ್‌ಗೆ ಸ್ಕ್ಯೂಟೆಲಮ್ ಹೊರಗೆ ಕಾಣುತ್ತದೆ, ಆದರೆ ಅದು ಓನಿಟಿಸೆಲಸ್ ಬಳಗದ್ದಲ್ಲ. ಅಲ್ಲಿನ ಹುಳುಗಳಿಗೆ ಅಲ್ಲಿನದೇ ಕೀಲಿ (ಲಕ್ಷಣ ನೋಡಿ ಹಂತಹಂತವಾಗಿ ಗುರುತಿಸುವ ಪಟ್ಟಿ) ಬೇಕು.

ಫೋಟೊ ಸಾಕೇ ಎಂದು ಕೇಳಿದ್ದೀರಿ. ಒಂದು ಫೋಟೊ ಸಾಲದು, ಐದು ಸಾಕಾಗಬಹುದು: ನೇರ ಮೇಲಿನಿಂದ, ಅಂಗಾತ ಮಲಗಿಸಿ ಕೆಳಭಾಗ, ಪಕ್ಕದಿಂದ, ಮುಂಗಾಲಿನ ತುದಿ ಹತ್ತಿರದಿಂದ, ಹಿಂಗಾಲಿನ ತುದಿ ಹತ್ತಿರದಿಂದ. ಪ್ರತಿಯೊಂದರಲ್ಲೂ ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ ಇರಲಿ. ಉದ್ದ ಅಳೆಯುವಾಗ ಕ್ಲೈಪಿಯಸ್‌ನ ಮುಂದಂಚಿನಿಂದ ಹೊಟ್ಟೆಯ ತುದಿಯವರೆಗೆ ಅಳೆಯಿರಿ, ಕೊಂಬನ್ನು ಸೇರಿಸಬೇಡಿ. 4 ಮಿ.ಮೀ.ಗಿಂತ ಚಿಕ್ಕದಕ್ಕೆ ಮೊಬೈಲ್ ಕ್ಯಾಮೆರಾದ ಮ್ಯಾಕ್ರೊದಲ್ಲಿ ಹಿಂಗಾಲಿನ ಮುಳ್ಳು ಬೇರೆಯಾಗಿ ಕಾಣುವುದು ಕಷ್ಟ. ಅಂಥವನ್ನು ಇಟ್ಟುಕೊಳ್ಳುವುದೇ ಒಳ್ಳೆಯದು.

ಇಟ್ಟುಕೊಳ್ಳುವುದಾದರೆ 70 ಶೇಕಡಾ ಎಥನಾಲ್‌ನಲ್ಲಿ ಇಡಿ. ಮೈಯೊಳಗಿನ ನೀರು ಸೇರಿ ದ್ರಾವಣ ತೆಳುವಾಗುವುದರಿಂದ ಮರುದಿನ ಒಮ್ಮೆ ಬದಲಿಸಿ. ಮುಂದೆ ಡಿಎನ್‌ಎ ಪರೀಕ್ಷೆಯ ಯೋಚನೆ ಇದ್ದರೆ 95 ಶೇಕಡಾ ಎಥನಾಲ್ ಬೇಕು, ಆದರೆ ಅದರಲ್ಲಿ ಕೀಲುಗಳು ಪೆಡಸಾಗುತ್ತವೆ. ಫಾರ್ಮಲಿನ್ ಬೇಡವೇ ಬೇಡ. ಒಣಗಿಸಿ ಇಡುವವರು ಈ ಗಾತ್ರಕ್ಕೆ ಪಿನ್ ಚುಚ್ಚಬಾರದು, ಎದೆಯ ಕೆಳಗಿನ ಗುರುತುಗಳೇ ಒಡೆದುಹೋಗುತ್ತವೆ. ಗಟ್ಟಿ ಕಾಗದದ ಚಿಕ್ಕ ತ್ರಿಕೋನ ಕತ್ತರಿಸಿ, ಅದರ ತುದಿಗೆ ನೀರಿನಲ್ಲಿ ಕರಗುವ ಅಂಟಿನ ಪುಟ್ಟ ಹನಿ ಹಾಕಿ, ಹುಳುವಿನ ಬಲಪಕ್ಕವನ್ನು ಅಂಟಿಸಿ. ಹಾಗೆ ಮಾಡಿದರೆ ಎಡಗಾಲುಗಳು, ಹೊಟ್ಟೆ, ಬೆನ್ನು ಎಲ್ಲ ನೋಡಲು ಸಿಗುತ್ತವೆ, ಬೇಕೆನಿಸಿದಾಗ ಬಿಡಿಸಲೂಬಹುದು. ಲೇಬಲ್‌ನಲ್ಲಿ ಜಾಗ, ದಿನಾಂಕ, ಯಾವ ಪ್ರಾಣಿಯ ಸಗಣಿ, ಅದು ಹಸಿಯೋ ಒಣಗಿದ್ದೋ, ಹುಳು ಸಗಣಿಯ ಒಳಗಿತ್ತೋ ಕೆಳಗಿನ ಮಣ್ಣಿನಲ್ಲಿತ್ತೋ ಬರೆಯಿರಿ. ಎಥನಾಲ್ ಸೀಸೆಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಒಳಗೇ ಹಾಕಿ, ಪೆನ್ನಿನ ಶಾಯಿ ಕರಗಿಹೋಗುತ್ತದೆ. ಕುಲದ ಹೆಸರಿನ ಪಕ್ಕದಲ್ಲಿ ಯಾವ ಲಕ್ಷಣ ನೋಡಿ ಆ ಹೆಸರು ಬರೆದಿರಿ ಎಂಬುದನ್ನೂ ಸೇರಿಸಿ: 'ಹಿಂಗಾಲಿಗೆ ಒಂದು ಕೊನೆಮುಳ್ಳು, ಸ್ಕ್ಯೂಟೆಲಮ್ ಕಾಣದು, ಮುಂಗಾಲಿನ ತುದಿ ಲಂಬ, ಕ್ಯಾಕೋಬಿಯಸ್'. ಮುಂದೆ ಪ್ರಭೇದ ನೋಡುವ ತಜ್ಞರು ನಿಮ್ಮ ಹುಳುವನ್ನು ಕೈಗೆತ್ತಿಕೊಂಡಾಗ ಎಲ್ಲಿಂದ ಶುರು ಮಾಡಬೇಕೆಂದು ಅವರಿಗೆ ಆ ಚೀಟಿಯಿಂದಲೇ ತಿಳಿಯುತ್ತದೆ.